ಕ್ಯಾಸಂಬಳ್ಳಿಯ ವಕೀಲರೂ ಆರ್ಕಾಟ್ ದಿವಾನರೂ

ಮಕ್ಕಳೇ, ಕೆಜಿಎಫ್ ಅಂದ ಕೂಡಲೇ ನಿಮಗೆ ಸಿನಿಮಾ ನೆನಪಾಗುತ್ತದೆ. ನಿಜವಾದ ಕೆಜಿಎಫ್‌ಗೆ ಹೋಗಲು ಬೆಂಗಳೂರಿನಲ್ಲಿ ಮಾರಿಕುಪ್ಪಂ ರೈಲು ಹತ್ತಬೇಕು. ಬಂಗಾರಪೇಟೆ ದಾಟಿದ ಮೇಲೆ ಈ ರೈಲು ದೊಡ್ಡ ಹಳಿಯನ್ನು ಬಿಟ್ಟು ಕೋಲಾರದ ಚಿನ್ನದ ಗಣಿಗಳಿಗೆಂದೇ ಹಾಕಿದ ಹಳೆಯ ಕವಲು ಹಳಿಗೆ ತಿರುಗುತ್ತದೆ. ಆಮೇಲೆ ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ಸಣ್ಣ ಸ್ಟೇಷನ್ನುಗಳು ಒಂದರ ಹಿಂದೊಂದು ಬರುತ್ತವೆ. ಕಿಟಕಿಯಾಚೆ ಕಾಣುವ ಬೂದುಬಣ್ಣದ ಬೋಳು ಗುಡ್ಡಗಳು ದೇವರು ಮಾಡಿದ ಗುಡ್ಡಗಳಲ್ಲ. ಚಿನ್ನ ತೆಗೆದುಕೊಂಡು ಉಳಿದ ಮಣ್ಣನ್ನು ನೂರಿಪ್ಪತ್ತು ವರ್ಷ ಸುರಿದು ಸುರಿದು ಆದ ಸೈನೈಡ್ ದಿಬ್ಬಗಳು ಅವು. ಚಾಂಪಿಯನ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. 2001ರಲ್ಲಿ ಗಣಿಗಳನ್ನು ಮುಚ್ಚಿದರು.

ಈ ಸಲ ನಿಮಗೆ ಪರಿಚಯ ಮಾಡಿಸುವುದು ಅಲ್ಲಿನ ಚಿನ್ನವನ್ನಲ್ಲ, ಆ ಗಣಿಯ ಮಗ್ಗುಲಿನ ಕ್ಯಾಸಂಬಳ್ಳಿಯಲ್ಲಿ ಹುಟ್ಟಿದ ಒಬ್ಬ ವಕೀಲರನ್ನು. ನಮ್ಮ ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು ಎಂದು ಕ್ವಿಜ್‌ನಲ್ಲಿ ಕೇಳಿದರೆ ದೊಡ್ಡವರೇ ಕೆಂಗಲ್ ಹನುಮಂತಯ್ಯ ಅನ್ನುತ್ತಾರೆ, ಇಲ್ಲವೇ ನಿಜಲಿಂಗಪ್ಪ ಅನ್ನುತ್ತಾರೆ. ಉತ್ತರ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. ಎಲ್ಲರ ಬಾಯಲ್ಲಿ ಕೆ.ಸಿ. ರೆಡ್ಡಿ. ಇಷ್ಟು ದೊಡ್ಡ ಕೆಲಸ ಮಾಡಿದವರನ್ನು ನಾವು ಇಷ್ಟು ಸುಲಭವಾಗಿ ಮರೆತದ್ದು ನನಗೆ ತುಂಬಾ ನೋವಿನ ಸಂಗತಿ. ಅದಕ್ಕೇ ಈ ಲೇಖನ.

ರೆಡ್ಡಿಯವರು ಹುಟ್ಟಿದ್ದು 1902ರ ಮೇ 4ರಂದು. ಆ ವರ್ಷವನ್ನು ನೆನಪಿಟ್ಟುಕೊಳ್ಳಿ. ಅದೇ ವರ್ಷದ ಜೂನ್ 30ರಂದು ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಗಣಿಗಳಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಅಂದರೆ ಗಣಿಗೆ ಬಂದು ಮೂರು ವರ್ಷ ಆದ ಮೇಲೆ. ಗಣಿಯಲ್ಲಿ ಯಂತ್ರಗಳು ಕರೆಂಟಿನಲ್ಲಿ ಓಡುತ್ತಿದ್ದಾಗ ಸುತ್ತಲ ಹಳ್ಳಿಗಳಲ್ಲಿ ಸಂಜೆಯಾದರೆ ಬುಡ್ಡಿದೀಪವೇ ಗತಿ. ಗಣಿ ನಡೆಸುತ್ತಿದ್ದದ್ದು ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ. ಸಾಹೇಬರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೆಳಗಿಳಿದು ಬಂಡೆ ಒಡೆಯುವವರಿಗೆ ಸಾಲು ಸಾಲು ಲೈನುಮನೆ. ಊರಿಗೆ ಇಟ್ಟ ಹೆಸರುಗಳೂ ಅವರವೇ: ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. ಈಗಿನ ಬಂಗಾರಪೇಟೆಗೂ ಆಗ ಬೌರಿಂಗ್‌ಪೇಟೆ ಅಂತಲೇ ಹೆಸರು, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು. ಯಾರ ಕೈಯಲ್ಲಿ ಅಧಿಕಾರ, ಯಾರ ಮೈಮೇಲೆ ದುಡಿಮೆ ಎಂಬುದನ್ನು ಆ ಭಾಗದ ಹುಡುಗನಿಗೆ ಯಾರೂ ಪಾಠ ಮಾಡಿ ಹೇಳಬೇಕಾಗಿರಲಿಲ್ಲ.

ಕೋಲಾರ ಸೀಮೆಯ ಇನ್ನೊಂದು ಗುಣವನ್ನೂ ನೀವು ತಿಳಿಯಬೇಕು. ಅದು ಗಡಿನಾಡು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಣಿಯಲ್ಲಿ ತಮಿಳು, ಸಂತೆಯಲ್ಲಿ ಮೂರೂ. ಕನ್ನಡದ ಇಬ್ಬರು ದೊಡ್ಡ ಲೇಖಕರಲ್ಲಿ ಮಾಸ್ತಿಯವರು ಹುಟ್ಟಿದ್ದು ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ, ಡಿ.ವಿ. ಗುಂಡಪ್ಪನವರು ಮುಳಬಾಗಿಲಿನಲ್ಲಿ. ಮನೆಯೊಳಗೊಂದು ಮಾತು, ಬೀದಿಯಲ್ಲಿ ಇನ್ನೊಂದು ಮಾತು ಆಡಿಕೊಂಡು ಹೊರದೇಶದಲ್ಲಿ ಬೆಳೆಯುವ ನಿಮಗೆ ಆ ಊರು ಅಪರಿಚಿತ ಅನ್ನಿಸಲಾರದು.

ರೆಡ್ಡಿಯವರು ಕಾನೂನು ಓದಿ ವಕೀಲರಾದರು. ಆ ಕಾಲದಲ್ಲಿ ರಾಜಕೀಯಕ್ಕೆ ಬಂದವರಲ್ಲಿ ವಕೀಲರೇ ಹೆಚ್ಚು, ಏಕೆಂದು ಹೇಳುತ್ತೇನೆ. ಹಳ್ಳಿಯ ರೈತನಿಗೆ ಸರ್ಕಾರದ ಮುಖ ಕಾಣುತ್ತಿದ್ದದ್ದು ಎರಡೇ ಕಡೆ: ಕಂದಾಯ ಕಟ್ಟುವ ತಾಲ್ಲೂಕು ಕಚೇರಿ ಮತ್ತು ಕೋರ್ಟು. ಕೋರ್ಟಿಗೆ ಬಂದ ಕಕ್ಷಿದಾರ ತನ್ನ ಗೋಳನ್ನೆಲ್ಲ ವಕೀಲರ ಮುಂದೆ ಬಿಚ್ಚಿಡುತ್ತಾನೆ. ಹೊಲದ ಬದು, ಸಾಲದ ಪತ್ರ, ಅಣ್ಣತಮ್ಮಂದಿರ ಪಾಲು, ಕೆರೆ ನೀರಿನ ಜಗಳ ಎಲ್ಲವೂ ಅಲ್ಲಿಗೇ ಬರುತ್ತವೆ. ಒಳ್ಳೆಯ ವಕೀಲರು ಇದನ್ನೆಲ್ಲ ಕೇಳಿಸಿಕೊಂಡು, ಕಾನೂನು ಎಷ್ಟರಮಟ್ಟಿಗೆ ಒದಗುತ್ತದೆ ಎಂದು ಅಳೆದು, ಎದುರು ಪಕ್ಷದ ವಕೀಲರು ಏನು ಹೇಳಬಹುದು ಎಂಬುದನ್ನೂ ಮೊದಲೇ ಯೋಚಿಸಿಕೊಂಡು ವಾದಕ್ಕೆ ನಿಲ್ಲುತ್ತಾರೆ. ಪಾಟೀಸವಾಲಿನಲ್ಲಿ ಒಬ್ಬರನ್ನೊಬ್ಬರು ಬಿಡುವುದಿಲ್ಲ. ಆದರೂ ಎಷ್ಟೋ ವ್ಯಾಜ್ಯಗಳು ಕೊನೆಯಲ್ಲಿ ಮುಗಿಯುವುದು ರಾಜಿಯಲ್ಲೇ. ಈ ಎರಡೂ ವಿದ್ಯೆ, ಪಟ್ಟು ಹಿಡಿದು ವಾದಿಸುವುದು ಮತ್ತು ಸಮಯ ನೋಡಿ ರಾಜಿಗೆ ಕೂರುವುದು, ರೆಡ್ಡಿಯವರ ಜೀವನದುದ್ದಕ್ಕೂ ಕೆಲಸಕ್ಕೆ ಬಂದವು.

ಈಗ ಆಗಿನ ಮೈಸೂರು ಸಂಸ್ಥಾನ ನಡೆಯುತ್ತಿದ್ದ ಬಗೆ ನೋಡೋಣ. ಮೇಲೆ ಮಹಾರಾಜರು, ಅವರ ಪರವಾಗಿ ಆಡಳಿತ ನಡೆಸಲು ದಿವಾನರು. 1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಶುರುಮಾಡಿದ್ದರು. ಮೊದಲ ಸಭೆಗೆ 144 ಜನ ಸೇರಿದ್ದರು. ದೇಶೀಯ ಸಂಸ್ಥಾನಗಳಲ್ಲಿ ಅದು ದೊಡ್ಡ ಹೆಜ್ಜೆಯೇ. ಮುಂದೆ 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಆದರೆ ಈ ಸಭೆಗಳು ಪ್ರಶ್ನೆ ಕೇಳಬಹುದಿತ್ತು, ಅಹವಾಲು ಹೇಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. ಜನರು ಆರಿಸಿದವರೇ ಮಂತ್ರಿಗಳಾಗಬೇಕು, ಆ ಮಂತ್ರಿಗಳು ಜನರ ಸಭೆಗೆ ಉತ್ತರ ಹೇಳಬೇಕು ಎಂಬ ಬೇಡಿಕೆಗೆ ಆಗ ‘ಜವಾಬ್ದಾರಿ ಸರ್ಕಾರ’ ಎಂದು ಹೆಸರು. ನೀವಿರುವ ದೇಶದಲ್ಲಿ ಇದು ಗಾಳಿ ನೀರಿನಷ್ಟು ಸಹಜ. ಮೈಸೂರಿನವರು ಇದಕ್ಕಾಗಿ ಜೈಲಿಗೆ ಹೋದರು, ಕೆಲವರು ಪ್ರಾಣವನ್ನೇ ಕೊಟ್ಟರು.

1930ರ ಹೊತ್ತಿಗೆ ರೆಡ್ಡಿಯವರು ಗೆಳೆಯರೊಂದಿಗೆ ಪ್ರಜಾಪಕ್ಷ ಕಟ್ಟಿದರು. ಅದು ರೈತರ ನಡುವೆ ಕೆಲಸ ಮಾಡುತ್ತಾ, ಜವಾಬ್ದಾರಿ ಸರ್ಕಾರ ಕೇಳುತ್ತಿದ್ದ ಪಕ್ಷ. ಸರ್ಕಾರಿ ಹುದ್ದೆಗಳೆಲ್ಲ ಕೆಲವೇ ಜಾತಿಯವರ ಪಾಲಾಗುತ್ತಿವೆ ಎಂದು ದನಿ ಎತ್ತಿದ ಬ್ರಾಹ್ಮಣೇತರ ಚಳವಳಿಯ ಹಿನ್ನೆಲೆ ಅದಕ್ಕಿತ್ತು. 1934ರಲ್ಲಿ ಅದು ಪ್ರಜಾಮಿತ್ರ ಮಂಡಲಿಯೊಂದಿಗೆ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು. 1937ರಲ್ಲಿ ಆ ಪಕ್ಷ ಕಾಂಗ್ರೆಸ್ಸಿನಲ್ಲಿ ಸೇರಿಹೋಯಿತು. ನನ್ನ ದೃಷ್ಟಿಯಲ್ಲಿ ಮೈಸೂರಿನ ಹೋರಾಟ ನಿಜವಾಗಿ ಬಲಿತದ್ದು ಆಗಲೇ. ಅದುವರೆಗೆ ಕಾಂಗ್ರೆಸ್ ಪೇಟೆಯ ಓದಿದವರದು, ಪ್ರಜಾಪಕ್ಷ ಹಳ್ಳಿಯವರದು ಎಂಬಂತಿತ್ತು. ಎರಡೂ ಕೂಡಿದ ಮೇಲೆ ಅರಮನೆಗೆ ಇದು ನಾಲ್ಕು ಜನ ವಕೀಲರ ಗಲಾಟೆ ಎಂದು ಹೇಳುವುದಕ್ಕೆ ಬಾಯಿ ಇಲ್ಲವಾಯಿತು.

ಮರುವರ್ಷವೇ, 1938ರ ಏಪ್ರಿಲ್‌ನಲ್ಲಿ, ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಆಗಿನ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಸರ್ದಾರ್ ಪಟೇಲರು ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಮಾತಾಡಿ ಒಪ್ಪಂದ ಮಾಡಿಕೊಂಡರು. ಕಾಂಗ್ರೆಸ್ ಬಾವುಟ ಹಾರಿಸಲು ಅವಕಾಶ ಸಿಕ್ಕಿತು. ಜವಾಬ್ದಾರಿ ಸರ್ಕಾರ ಮಾತ್ರ ಇನ್ನೂ ದೂರವಿತ್ತು.

ಇಲ್ಲಿ ಇನ್ನೊಬ್ಬ ವಕೀಲರು ಕಥೆಯೊಳಗೆ ಬರುತ್ತಾರೆ. ಅವರನ್ನು ಖಳನಾಯಕನೆಂದು ನೋಡಬೇಡಿ. ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಕರ್ನೂಲಿನಲ್ಲಿ 1887ರಲ್ಲಿ ಹುಟ್ಟಿದವರು. ಅವರೂ ಅವರ ಸೋದರ ಲಕ್ಷ್ಮಣಸ್ವಾಮಿ ಮೊದಲಿಯಾರರೂ ಅವಳಿಗಳು. ಒಬ್ಬರು ಲಾಯರು, ಇನ್ನೊಬ್ಬರು ಡಾಕ್ಟರು. ರಾಮಸ್ವಾಮಿಯವರು ಮದರಾಸಿನಲ್ಲಿ ವಕೀಲಿ ಮಾಡಿ, 1920ರಲ್ಲಿ ಅಲ್ಲಿನ ಶಾಸನ ಸಭೆಗೆ ಬಂದರು. ಬ್ರಾಹ್ಮಣೇತರರ ಜಸ್ಟಿಸ್ ಪಕ್ಷದ ಮುಂದಾಳುಗಳಲ್ಲಿ ಅವರೂ ಒಬ್ಬರು. ಎರಡನೇ ಮಹಾಯುದ್ಧದ ಕಾಲಕ್ಕೆ ಲಂಡನ್ನಿನಲ್ಲಿ ಚರ್ಚಿಲ್ಲರ ಯುದ್ಧ ಸಂಪುಟದಲ್ಲಿ ಕೂತರು. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ರುಜು ಹಾಕಿದ ಇಬ್ಬರಲ್ಲಿ ಒಬ್ಬರು ಇವರು. 1946ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಇವರೇ. ವಿಶ್ವ ಆರೋಗ್ಯ ಸಂಸ್ಥೆಯನ್ನು ಕಟ್ಟಲು ಸಮ್ಮೇಳನ ಕರೆದದ್ದು ಆ ಮಂಡಳಿ. ವಕೀಲರಾಗಿ, ಶಾಸಕರಾಗಿ, ಕೊನೆಗೆ ರಾಯಭಾರದಲ್ಲಿ ಲೋಕಪ್ರಸಿದ್ಧರಾದ ಈ ಮನುಷ್ಯ ಅದೇ 1946ರಲ್ಲಿ ಮೈಸೂರಿನ ದಿವಾನರಾಗಿ ಬಂದರು.

ಗಮನಿಸಿ. ಇಬ್ಬರೂ ವಕೀಲರು. ಇಬ್ಬರೂ ರಾಜಕೀಯಕ್ಕೆ ಬಂದದ್ದು ಒಂದೇ ಬಗೆಯ ಚಳವಳಿಯಿಂದ. ಒಬ್ಬರು ಅರಮನೆಯ ಪರ, ಒಬ್ಬರು ಪ್ರಜೆಗಳ ಪರ.

1947ರ ಆಗಸ್ಟ್ 9ರಂದು ಜಯಚಾಮರಾಜೇಂದ್ರ ಒಡೆಯರು ಮೈಸೂರನ್ನು ಭಾರತ ಒಕ್ಕೂಟಕ್ಕೆ ಸೇರಿಸುವ ಪತ್ರಕ್ಕೆ ಸಹಿ ಹಾಕಿದರು. 15ರಂದು ದೇಶ ಸ್ವತಂತ್ರವಾಯಿತು. ಆದರೆ ಮೈಸೂರಿನಲ್ಲಿ 16ನೇ ತಾರೀಕೂ ಅದೇ ದಿವಾನರು, ಅದೇ ಆಡಳಿತ. ದೇಶಕ್ಕೆ ಬಂದ ಸ್ವಾತಂತ್ರ್ಯ ನಮ್ಮ ಮನೆ ಬಾಗಿಲಿಗೆ ಬರಲಿಲ್ಲವಲ್ಲ ಎಂದು ಜನ ಕುದಿದರು. ಆಗ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರು ಕೆ.ಸಿ. ರೆಡ್ಡಿ. ಸೆಪ್ಟೆಂಬರ್ 1ಕ್ಕೆ ‘ಮೈಸೂರು ಚಲೋ’ ಶುರುವಾಯಿತು. ಊರೂರಿನಿಂದ ಸತ್ಯಾಗ್ರಹಿಗಳು ಹೊರಟರು. ರೆಡ್ಡಿಯವರನ್ನೂ ಉಳಿದ ಮುಂದಾಳುಗಳನ್ನೂ ಜೈಲಿಗೆ ಹಾಕಿದರು. ಹುಡುಗರು ಶಾಲೆ ಕಾಲೇಜು ಬಿಟ್ಟು ಬೀದಿಗಿಳಿದು ‘ಆರ್ಕಾಟ್ ಬಾಯ್ಕಾಟ್’ ಎಂದು ಕೂಗಿದರು. ಮೈಸೂರಿನಲ್ಲಿ ಸೆಪ್ಟೆಂಬರ್ 13ರಂದು ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾದ. ಇವತ್ತು ಮೈಸೂರಿಗೆ ಹೋದವರು ದಾಟಿ ಹೋಗುವ ರಾಮಸ್ವಾಮಿ ವೃತ್ತ ಆ ಹುಡುಗನ ಹೆಸರಿನದು. ಅವನ ಹೆಸರೂ ರಾಮಸ್ವಾಮಿ, ದಿವಾನರ ಹೆಸರೂ ರಾಮಸ್ವಾಮಿ. ಇದನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ.

ಆ ದಿನಗಳ ಒಂದು ಸಂಗತಿ ನಿಮಗೆ ಇಷ್ಟವಾದೀತು. ಎಚ್.ಎಸ್. ದೊರೆಸ್ವಾಮಿಯವರು ‘ಪೌರವಾಣಿ’ ಎಂಬ ಪತ್ರಿಕೆ ನಡೆಸುತ್ತಿದ್ದರು. ಸಂಸ್ಥಾನದೊಳಗೆ ಅಚ್ಚು ಹಾಕಲು ಆಗದಂತಾದಾಗ ಅವರು ಗಡಿಯಾಚೆಯ ಹಿಂದೂಪುರಕ್ಕೆ ಹೋಗಿ ಅಲ್ಲಿಂದ ಪತ್ರಿಕೆ ತಂದರು. ಹಿಂದೂಪುರ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಮೈಸೂರಿನ ಪೊಲೀಸರು ಅಲ್ಲಿ ಕೈ ಹಾಕುವಂತಿರಲಿಲ್ಲ. ಸಂಸ್ಥಾನದ ಸುದ್ದಿ ಸಂಸ್ಥಾನದ ಹೊರಗೆ ಅಚ್ಚಾಗಿ ಒಳಗೆ ಬರುತ್ತಿತ್ತು. ಆ ದೊರೆಸ್ವಾಮಿಯವರು ನೂರು ದಾಟಿ ಬದುಕಿ, 2021ರಲ್ಲಿ ತೀರಿಕೊಂಡರು. ಕೊನೆಕೊನೆಗೂ ಅನ್ಯಾಯ ಕಂಡಲ್ಲಿ ಧರಣಿ ಕೂರುತ್ತಿದ್ದರು.

ನಲವತ್ತೆರಡು ದಿನ ಹೀಗೆ ನಡೆದು, ಅಕ್ಟೋಬರ್ 12ರಂದು ಒಪ್ಪಂದವಾಯಿತು. ದಿವಾನರಿಗೆ ಎರಡು ದಿನ ಕಳೆದರೆ ಅರವತ್ತು ತುಂಬುವುದಿತ್ತು, ರೆಡ್ಡಿಯವರಿಗೆ ನಲವತ್ತೈದು. ಜೈಲಿನಿಂದ ಬಂದ ರೆಡ್ಡಿಯವರು ಅಕ್ಟೋಬರ್ 25ರಂದು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಸಂಪುಟದಲ್ಲಿ ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ ಮೊದಲಾದವರಿದ್ದರು. ಅವರಿಬ್ಬರೂ ವಕೀಲರೇ.

ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಮುಂದಿನದು. ಒಪ್ಪಂದವಾದ ಮೇಲೆ ಮೊದಲಿಯಾರರನ್ನು ಓಡಿಸಲಿಲ್ಲ. ಮಹಾರಾಜರಿಗೂ ಹೊಸ ಸಂಪುಟಕ್ಕೂ ನಡುವಿನ ಕೊಂಡಿಯಾಗಿ ಅವರು ದಿವಾನರಾಗಿಯೇ 1949ರವರೆಗೆ ಇದ್ದರು. ನಿನ್ನೆ ತನ್ನನ್ನು ಜೈಲಿಗೆ ಹಾಕಿದ ಸರ್ಕಾರದ ದಿವಾನರ ಜೊತೆಗೆ ಇವತ್ತು ಕೂತು ಕಡತ ನೋಡುವುದು ಸುಲಭದ ಮಾತಲ್ಲ. ರಾಮಸ್ವಾಮಿಯ ಸಾವು ಕಣ್ಣೆದುರಿಗಿದ್ದಾಗಂತೂ ಅಲ್ಲ. ತಮ್ಮವರೇ ಮೂಗು ಮುರಿಯುತ್ತಾರೆ ಎಂದು ರೆಡ್ಡಿಯವರಿಗೆ ಗೊತ್ತಿರದೆ ಇರಲಿಲ್ಲ. ನಮ್ಮ ಊರುಗಳಲ್ಲಿ ರಾತ್ರಿಯಿಡೀ ಆಡುವ ಕೃಷ್ಣ ಸಂಧಾನ ನಾಟಕದಲ್ಲಿ ಕೃಷ್ಣ ಪಾಂಡವರಿಗೆ ಐದು ಊರಾದರೂ ಕೊಡು ಎಂದು ದುರ್ಯೋಧನನನ್ನು ಕೇಳಿ ಬರಿಗೈಲಿ ವಾಪಸು ಬರುತ್ತಾನೆ, ಆಮೇಲೆ ಯುದ್ಧ. ಮೈಸೂರಿನ ಸಂಧಾನ ಮುರಿಯಲಿಲ್ಲ. ಅದಕ್ಕೆ ಕಾರಣ ಬೀದಿಯಲ್ಲಿ ನಿಂತ ಜನರ ಬಲ ಮೊದಲು. ಆ ಬಲ ಕೈಗೆ ಬಂದಾಗ ಎಲ್ಲಿ ನಿಲ್ಲಿಸಬೇಕೆಂದು ತಿಳಿದಿದ್ದ ಮುಂದಾಳು ಆಮೇಲೆ.

ಮರುವರ್ಷ ಏನಾಯಿತು ನೋಡಿ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ನಿಜಾಮರ ಸರ್ಕಾರ ಭಾರತದ ಮೇಲೆ ವಿಶ್ವಸಂಸ್ಥೆಗೆ ದೂರು ಒಯ್ದಿತು. ಪ್ಯಾರಿಸ್ಸಿನಲ್ಲಿ ಸೇರಿದ್ದ ಭದ್ರತಾ ಮಂಡಳಿಯ ಮುಂದೆ ಭಾರತದ ಪರ ವಾದ ಮಂಡಿಸಿದ್ದು ಇದೇ ರಾಮಸ್ವಾಮಿ ಮೊದಲಿಯಾರ್. ಒಂದು ವರ್ಷದ ಹಿಂದೆ ಒಂದು ಸಂಸ್ಥಾನದ ಪರವಾಗಿ ಪ್ರಜೆಗಳ ಎದುರು ನಿಂತಿದ್ದವರು ಈಗ ಇನ್ನೊಂದು ಸಂಸ್ಥಾನದ ದೂರಿಗೆ ಸ್ವತಂತ್ರ ಭಾರತದ ಉತ್ತರ ಹೇಳುತ್ತಿದ್ದರು. ಅದೇ ಹೊತ್ತಿನಲ್ಲಿ ಮೈಸೂರಿನ ಆಡಳಿತ ರೆಡ್ಡಿಯವರ ಕೈಯಲ್ಲಿತ್ತು. 1947ರಲ್ಲಿ ಸಿಟ್ಟಿಗೆ ಬಿದ್ದು ಬಾಗಿಲು ಮುಚ್ಚಿಕೊಂಡಿದ್ದರೆ ಇದಾವುದೂ ಹೀಗೆ ಆಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ರೆಡ್ಡಿಯವರು ಮುಖ್ಯಮಂತ್ರಿಯಾಗಿರುವಾಗಲೇ ದೆಹಲಿಯ ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದರು. ಅಲ್ಲಿ ಮೈಸೂರಿನಿಂದ ಏಳು ಜನ: ಕೆ. ಚೆಂಗಲರಾಯ ರೆಡ್ಡಿ, ಟಿ. ಸಿದ್ಧಲಿಂಗಯ್ಯ, ಎಚ್.ಆರ್. ಗುರುವರೆಡ್ಡಿ, ಎಸ್.ವಿ. ಕೃಷ್ಣಮೂರ್ತಿ ರಾವ್, ಕೆ. ಹನುಮಂತಯ್ಯ, ಎಚ್. ಸಿದ್ದವೀರಪ್ಪ, ಟಿ. ಚನ್ನಯ್ಯ. ಈ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ. ಮೈಸೂರು ತನಗೇ ಬೇರೆ ಸಂವಿಧಾನ ಬರೆದುಕೊಳ್ಳಬಹುದೆಂಬ ಯೋಚನೆ ಮೊದಲಿಗಿತ್ತು, ಅದಕ್ಕೊಂದು ಸಭೆಯೂ ಇತ್ತು. ಕೊನೆಗೆ ಎಲ್ಲರಿಗೂ ಒಂದೇ ಸಂವಿಧಾನ ಸಾಕು ಎಂದು ತೀರ್ಮಾನವಾಗಿ, 1949ರ ನವೆಂಬರ್ 25ರಂದು ಮಹಾರಾಜರು ಭಾರತದ ಸಂವಿಧಾನವನ್ನು ಒಪ್ಪಿ ಘೋಷಣೆ ಹೊರಡಿಸಿದರು. ಅದೇ ವರ್ಷ ಬೆಂಗಳೂರಿನ ಪೇಟೆ ಮತ್ತು ದಂಡು (ಕಂಟೋನ್ಮೆಂಟ್) ಎರಡೂ ಸೇರಿ ಒಂದೇ ನಗರಪಾಲಿಕೆಯಾಯಿತು. 1951ರ ಜುಲೈ 13ರಂದು ನೆಹರೂ ಅವರು ವಿಧಾನಸೌಧಕ್ಕೆ ಅಡಿಗಲ್ಲು ಇಟ್ಟರು. ಈಗ ನಾವು ಕಾಣುವ ಭವ್ಯ ರೂಪ ಹನುಮಂತಯ್ಯನವರ ಕನಸು, ಅದರಲ್ಲಿ ಎರಡು ಮಾತಿಲ್ಲ. ಅಡಿಗಲ್ಲು ಬಿದ್ದದ್ದು ಮಾತ್ರ ರೆಡ್ಡಿಯವರ ಕಾಲದಲ್ಲಿ.

ಎಲ್ಲವೂ ಸುಸೂತ್ರ ಅಂತಲ್ಲ. ಅವರ ಸಂಪುಟದ ಮೇಲೆ ಅವರ ಪಕ್ಷದೊಳಗೇ ಆಪಾದನೆಗಳು ಬಂದವು, ಗುಂಪುಗಳಾದವು. 1952ರ ಚುನಾವಣೆಯಾದ ಮೇಲೆ ಹನುಮಂತಯ್ಯನವರು ಮುಖ್ಯಮಂತ್ರಿಯಾದರು, ರೆಡ್ಡಿಯವರು ದೆಹಲಿಗೆ ಹೋದರು. ನೆಹರೂ ಸಂಪುಟದಲ್ಲಿ ಉತ್ಪಾದನಾ ಖಾತೆ ಸಿಕ್ಕಿತು. ಹೊಸ ದೇಶದ ಸರ್ಕಾರಿ ಕಾರ್ಖಾನೆಗಳನ್ನು ಎಬ್ಬಿಸಿ ನಿಲ್ಲಿಸುವ ಕೆಲಸ ಅದು. ನಿಮ್ಮ ತಾತನ ಕೈಯಲ್ಲಿ ಎಚ್‌ಎಂಟಿ ವಾಚು ಇತ್ತೇ ಕೇಳಿ ನೋಡಿ. ಆ ಎಚ್‌ಎಂಟಿ ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದಾಗ ಯಂತ್ರೋಪಕರಣದ ಕಾರ್ಖಾನೆ, ಅದು ಈ ಖಾತೆಯದು. ಪುಣೆಯ ಹತ್ತಿರ ಪಿಂಪ್ರಿಯಲ್ಲಿ ಪೆನಿಸಿಲಿನ್ ತಯಾರಿಸುವ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎದ್ದದ್ದೂ ಇದೇ ಖಾತೆಯಡಿ, ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ. ಮೊದಲಿಯಾರರು ಅಧ್ಯಕ್ಷರಾಗಿದ್ದ ಮಂಡಳಿ ಕರೆದ ಸಮ್ಮೇಳನದಲ್ಲಿ ಹುಟ್ಟಿದ ಸಂಸ್ಥೆ ರೆಡ್ಡಿಯವರ ಖಾತೆಯ ಕಾರ್ಖಾನೆಗೆ ಕೈಜೋಡಿಸಿತು. ಒಂದು ಕಾಲಕ್ಕೆ ಎದುರುಬದುರು ನಿಂತವರ ಕೆಲಸಗಳು ಹೀಗೂ ಒಂದಾಗುತ್ತವೆ.

1957ರಲ್ಲಿ ರೆಡ್ಡಿಯವರು ಕೋಲಾರದಿಂದಲೇ ಲೋಕಸಭೆಗೆ ಆರಿಸಿ ಬಂದರು. ಕಾಮಗಾರಿ ಮತ್ತು ವಸತಿ, ಆಮೇಲೆ ವಾಣಿಜ್ಯ ಮತ್ತು ಕೈಗಾರಿಕೆ ಖಾತೆಗಳನ್ನು ನೋಡಿಕೊಂಡರು. ಕೋಲಾರದ ಗಣಿಗಳು 1956ರಲ್ಲಿ ಇಂಗ್ಲಿಷ್ ಕಂಪನಿಯ ಕೈಬಿಟ್ಟು ರಾಜ್ಯ ಸರ್ಕಾರಕ್ಕೂ, 1962ರಲ್ಲಿ ಕೇಂದ್ರಕ್ಕೂ ಬಂದವು. ಸಾಹೇಬರ ಕಾಲದಲ್ಲಿ ಹುಟ್ಟಿದ ಹುಡುಗ ಅದೇ ಗಣಿಗಳು ದೇಶದ ಸ್ವತ್ತಾದದ್ದನ್ನು ಕಂಡರು.

1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದರು. ಅಲ್ಲಿ ಕಷ್ಟದ ಪರೀಕ್ಷೆ ಬಂತು. 1967ರ ಜುಲೈನಲ್ಲಿ ಗೋವಿಂದ ನಾರಾಯಣ ಸಿಂಗರ ಜೊತೆ ಮೂವತ್ತಕ್ಕೂ ಹೆಚ್ಚು ಕಾಂಗ್ರೆಸ್ ಶಾಸಕರು ಪಕ್ಷ ಬಿಟ್ಟರು. ಮುಖ್ಯಮಂತ್ರಿ ಡಿ.ಪಿ. ಮಿಶ್ರಾ ಅವರ ಸಲಹೆಯಂತೆ ರೆಡ್ಡಿಯವರು ವಿಧಾನಸಭೆಯ ಅಧಿವೇಶನವನ್ನು ಮೊಟಕುಗೊಳಿಸಿದರು. ದೊಡ್ಡ ಗದ್ದಲವಾಯಿತು. ಮತ್ತೆ ಸಭೆ ಸೇರಿದಾಗ ಮಿಶ್ರಾ ಸರ್ಕಾರ ಬಿತ್ತು, ಗೋವಿಂದ ನಾರಾಯಣ ಸಿಂಗ್ ಮುಖ್ಯಮಂತ್ರಿಯಾದರು. ಮುಖ್ಯಮಂತ್ರಿಯ ಸಲಹೆ ಮೀರುವುದು ರಾಜ್ಯಪಾಲರ ಕೆಲಸವಲ್ಲ ಎಂದು ಅವರ ಪರ ಹೇಳುವವರಿದ್ದಾರೆ. ಬಹುಮತ ಹೋಗುತ್ತಿರುವ ಹೊತ್ತಿನಲ್ಲಿ ಸಭೆಯ ಬಾಗಿಲು ಹಾಕಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಜವಾಬ್ದಾರಿ ಸರ್ಕಾರಕ್ಕಾಗಿ ಜೈಲು ಕಂಡವರಿಂದ ನಾನು ಹೆಚ್ಚಿನದನ್ನೇ ನಿರೀಕ್ಷಿಸುತ್ತೇನೆ. ದೊಡ್ಡವರನ್ನು ಗೌರವಿಸುತ್ತಲೇ ಹೀಗೆ ಕೇಳಬಹುದು, ಮಕ್ಕಳೇ. 1976ರ ಫೆಬ್ರುವರಿ 27ರಂದು ರೆಡ್ಡಿಯವರು ತೀರಿಕೊಂಡರು.

ಬರುವ ರಾಜ್ಯೋತ್ಸವಕ್ಕೆ ದೊಡ್ಡ ಮಕ್ಕಳಿಗಾಗಿ ಒಂದು ಪ್ರಯೋಗ ಯೋಚಿಸಿದ್ದೇನೆ. ವೇದಿಕೆಯ ಮೇಲೆ ಒಂದು ಮೇಜು, ಇಸವಿ 1947, ತಿಂಗಳು ಅಕ್ಟೋಬರ್. ಒಂದು ಕಡೆ ದಿವಾನರು, ಇನ್ನೊಂದು ಕಡೆ ಕಾಂಗ್ರೆಸ್ ಅಧ್ಯಕ್ಷರು. ಪಕ್ಕದಲ್ಲಿ ಹಿಂದೂಪುರದಿಂದ ಬಂದ ಪೌರವಾಣಿಯ ವರದಿಗಾರ್ತಿ, ಬಂಗಾರಪೇಟೆ ಕಡೆಯ ರೈತ, ಚಾಂಪಿಯನ್ ಗಣಿಯ ಕೆಲಸಗಾರ, ರಾಮಸ್ವಾಮಿಯ ಜೊತೆ ಓದುತ್ತಿದ್ದ ಹುಡುಗ. ಬರೆದುಕೊಟ್ಟ ಮಾತು ಇರುವುದಿಲ್ಲ, ನೀವೇ ವಾದಿಸಬೇಕು. ದಿವಾನರು ಉಳಿಯಬೇಕೇ? ಜೈಲಿನಲ್ಲಿರುವವರನ್ನು ಯಾವಾಗ ಬಿಡಬೇಕು? ಮಂತ್ರಿಗಳು ಯಾರಿಗೆ ಉತ್ತರ ಹೇಳಬೇಕು? ಗುಂಡು ಹಾರಿಸಿದ್ದಕ್ಕೆ ಯಾರು ಹೊಣೆ? ಒಪ್ಪಂದವಾಗುವವರೆಗೆ ಯಾರೂ ಮೇಜು ಬಿಟ್ಟು ಏಳುವಂತಿಲ್ಲ. ಕನ್ನಡ ತಡವರಿಸಿದರೂ ಪರವಾಗಿಲ್ಲ. ಹನ್ನೆರಡು ವರ್ಷ ದಾಟಿದವರು ಅಪ್ಪ ಅಮ್ಮನ ಮೂಲಕ ನಮ್ಮ ಕನ್ನಡ ಕೂಟದ ಕಾರ್ಯದರ್ಶಿಗಳಿಗೆ ಹೆಸರು ಕೊಡಿ. ದಿವಾನರ ಪಾತ್ರಕ್ಕೆ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ವಾದಿಸುವವರೇ ಬೇಕು.